ಗಾಳಿಯ ಬಿಲ್: 60 ಎಂಎಲ್‌ಡಿ ಎಸ್‌ಟಿಪಿಯೊಂದರ ಲೆಕ್ಕ

2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ 5ನೇ ಹಂತದ ಸಾಮರ್ಥ್ಯ 775 ಎಂಎಲ್‌ಡಿ. ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಅದಕ್ಕೆ ಮುನ್ನ ಬೆಂಗಳೂರಿಗೆ ಬರುತ್ತಿದ್ದ ಕಾವೇರಿ ನೀರು ಸುಮಾರು 1,450 ಎಂಎಲ್‌ಡಿ. ಹೆಚ್ಚಳ ಶೇ 53. ಮನೆಗೆ ಹೋದ ನೀರಿನಲ್ಲಿ ಶೇ 80ರಷ್ಟು ಒಳಚರಂಡಿಗೆ ಬರುತ್ತದೆ ಎಂಬುದು ಎಂಜಿನಿಯರುಗಳು ಬಳಸುವ, ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಸಂಸ್ಥೆಯ ಕೈಪಿಡಿಯ ಸೂತ್ರ. ಅದರಂತೆ 5ನೇ ಹಂತ ಪೂರ್ಣ ಬಳಕೆಗೆ ಬಂದಾಗ ಹೆಚ್ಚುವ ಕೊಳಚೆ ನೀರು 620 ಎಂಎಲ್‌ಡಿ. ಅಷ್ಟನ್ನೂ ಶುದ್ಧೀಕರಿಸಲು 60 ಎಂಎಲ್‌ಡಿ ಗಾತ್ರದ ಹತ್ತಕ್ಕೂ ಹೆಚ್ಚು ಘಟಕಗಳು ಬೇಕು.

ಇರುವ ಘಟಕಗಳ ಸ್ಥಿತಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನೋಡಬೇಕು. ದೇಶದ ನಗರಗಳಲ್ಲಿ ದಿನಕ್ಕೆ ಉತ್ಪತ್ತಿಯಾಗುವ ಕೊಳಚೆ ನೀರು 72,368 ಎಂಎಲ್‌ಡಿ. ಅದರಲ್ಲಿ ನಿಜವಾಗಿ ಶುದ್ಧೀಕರಣಗೊಳ್ಳುವುದು 20,236 ಎಂಎಲ್‌ಡಿ, ಅಂದರೆ ಶೇ 28. ಕರ್ನಾಟಕದಲ್ಲಿ ಉತ್ಪತ್ತಿ 4,458, ಶುದ್ಧೀಕರಣ 1,786. ಪ್ರಮಾಣ ಶೇ 40. ರಾಷ್ಟ್ರದ ಸರಾಸರಿಗಿಂತ ಇದು ಮೇಲು. ಆದರೆ ಅದೇ ಪಟ್ಟಿಯ ಇನ್ನೊಂದು ಸಾಲು ಹೆಚ್ಚು ಮುಖ್ಯ: ರಾಜ್ಯದಲ್ಲಿ ಸ್ಥಾಪಿಸಿದ ಸಾಮರ್ಥ್ಯ 2,712 ಎಂಎಲ್‌ಡಿ ಇದ್ದರೆ ಚಾಲನೆಯಲ್ಲಿದ್ದದ್ದು 1,922 ಎಂಎಲ್‌ಡಿ, ಶೇ 71. ಕಟ್ಟುವ ಖರ್ಚು ಒಮ್ಮೆ ಬರುತ್ತದೆ. ನಡೆಸುವ ಖರ್ಚು ತಿಂಗಳು ತಿಂಗಳು ಬರುತ್ತದೆ. ಆ ಮಾಸಿಕ ಖರ್ಚಿನಲ್ಲಿ ವಿದ್ಯುತ್ತಿನದು ದೊಡ್ಡ ಪಾಲು, ವಿದ್ಯುತ್ತಿನಲ್ಲಿ ಗಾಳಿಯದು ದೊಡ್ಡ ಪಾಲು. ಸಾಮಾನ್ಯ ಎಸ್‌ಟಿಪಿಯೊಂದು, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕವೊಂದು, ಬಳಸುವ ವಿದ್ಯುತ್ತಿನಲ್ಲಿ ಶೇ 50ರಿಂದ 60ರಷ್ಟು ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್‌ಗೆ ಹೋಗುತ್ತದೆ.

ಬ್ಲೋವರ್ ಮಾಡುವ ಕೆಲಸ ನೂರು ವರ್ಷಗಳಿಂದ ಬದಲಾಗಿಲ್ಲ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ರೂಪಿಸಿದ ವಿಧಾನವೇ ಇಂದಿಗೂ ಹೆಚ್ಚಿನ ದೊಡ್ಡ ಘಟಕಗಳ ಆಧಾರ: ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಉಳಿಸಿಕೊಂಡು, ಅದಕ್ಕೆ ಗಾಳಿ ಊದಿ, ಕೊಳಚೆಯನ್ನು ಅದರಿಂದಲೇ ಕರಗಿಸುವುದು. ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕೆಂಬುದನ್ನು ರಸಾಯನಶಾಸ್ತ್ರ ನಿಖರವಾಗಿ ಹೇಳುತ್ತದೆ. ಎಷ್ಟು ಊದಬೇಕೆಂಬುದನ್ನು ಮಾತ್ರ ಅಳತೆಯಿಲ್ಲದೆ ಹೇಳಲಾಗದು.

60 ಎಂಎಲ್‌ಡಿ ಘಟಕವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಾಳಿ ಊದುವ ಏರೇಷನ್ ಟ್ಯಾಂಕಿಗೆ ಬರುವ ನೀರಿನ ಬಿಒಡಿ ಲೀಟರ್‌ಗೆ 200 ಮಿಲಿಗ್ರಾಂ ಎಂದಿರಲಿ. ಬಿಒಡಿ ಎಂದರೆ ನೀರಿನ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ. ಹೊರಹೋಗುವಾಗ ಅದು 10ಕ್ಕೆ ಇಳಿಯಬೇಕು. ದಿನಕ್ಕೆ ಕಳೆಯಬೇಕಾದ ಬಿಒಡಿ 11,400 ಕೆ.ಜಿ. ಕೆ.ಜಿ.ಗೆ 1.1 ಕೆ.ಜಿ. ಆಮ್ಲಜನಕದಂತೆ ಬೇಕಾಗುವುದು 12,540 ಕೆ.ಜಿ. ಇದು ಮೊದಲ ಕಂತು.

ಎರಡನೆಯ ಕಂತು ಅಮೋನಿಯಾದ್ದು. ಲೀಟರ್‌ಗೆ 30 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿ ಬದಲಿಸಬೇಕೆಂದರೆ ದಿನದ ಹೊರೆ 1,800 ಕೆ.ಜಿ. ಪ್ರತಿ ಕೆ.ಜಿ.ಗೆ 4.57 ಕೆ.ಜಿ. ಆಮ್ಲಜನಕ ಬೇಕು; ಒಟ್ಟು 8,226 ಕೆ.ಜಿ. ಇಲ್ಲಿ ನಿಯಮದ ಬದಲಾವಣೆಯ ಬೆಲೆ ಕಾಣುತ್ತದೆ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಮಹಾನಗರಗಳಿಗೆ ಬಿಒಡಿ ಮಿತಿಯನ್ನು 20 ಎಂದು ಇಟ್ಟಿತ್ತು, ಸಾರಜನಕಕ್ಕೆ ಮಿತಿ ಹಾಕಿರಲಿಲ್ಲ. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಿಒಡಿಯನ್ನು 10ಕ್ಕೆ, ಒಟ್ಟು ಸಾರಜನಕವನ್ನು 10ಕ್ಕೆ ಬಿಗಿಗೊಳಿಸಿತು. ಬಿಒಡಿ 20ರಿಂದ 10ಕ್ಕೆ ಇಳಿಸಲು ಈ ಘಟಕಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಆಮ್ಲಜನಕ ದಿನಕ್ಕೆ 660 ಕೆ.ಜಿ. ಅಮೋನಿಯಾಕ್ಕೆ ಬೇಕಾಗುವುದು ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಹೊಸ ನಿಯಮದ ಭಾರದ ಬಹುಪಾಲು ಸಾರಜನಕದ ಮೇಲೆಯೇ ಇದೆ.

ಆ ಭಾರದಲ್ಲಿ ಒಂದು ಭಾಗ ವಾಪಸ್ ಬರುತ್ತದೆ. ನೈಟ್ರೇಟ್ ಸೇರಿದ ನೀರನ್ನು ಗಾಳಿಯಿಲ್ಲದ ಟ್ಯಾಂಕಿಗೆ ತಿರುಗಿಸಿದರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿ ಕೊಳೆ ಕರಗಿಸುತ್ತವೆ, ಸಾರಜನಕ ಅನಿಲವಾಗಿ ಹೊರಹೋಗುತ್ತದೆ. ಪ್ರತಿ ಕೆ.ಜಿ. ನೈಟ್ರೇಟ್ ಸಾರಜನಕಕ್ಕೆ ಹೀಗೆ ಉಳಿಯುವುದು 2.86 ಕೆ.ಜಿ. ಆಮ್ಲಜನಕ. ಹೊರನೀರಿನ ಮಿತಿ 10 ತಲುಪಲು 1,200 ಕೆ.ಜಿ. ಸಾರಜನಕವನ್ನು ಈ ದಾರಿಯಲ್ಲಿ ಕಳೆಯಬೇಕು. ಉಳಿತಾಯ 3,432 ಕೆ.ಜಿ. ನಿವ್ವಳ ಬೇಡಿಕೆ ದಿನಕ್ಕೆ 17,334 ಕೆ.ಜಿ. ಆಮ್ಲಜನಕ.

ಇಷ್ಟನ್ನು ನೀರಿಗೆ ಸೇರಿಸಲು ಊದಬೇಕಾದ ಗಾಳಿ ಎಷ್ಟು? ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.25 ಕೆ.ಜಿ. ಆಮ್ಲಜನಕ ಇರುತ್ತದೆ. ಐದು ಮೀಟರ್ ಆಳದ ಟ್ಯಾಂಕಿನ ತಳದಲ್ಲಿ ಸಣ್ಣ ಗುಳ್ಳೆ ಬಿಡುವ ಡಿಫ್ಯೂಸರ್ ಇದ್ದರೂ, ಕೊಳಚೆ ನೀರಿನಲ್ಲಿ ಕರಗುವುದು ಅದರ ಶೇ 12 ಎಂದು ಹಿಡಿಯಬಹುದು. ಉಳಿದ ಶೇ 88 ಮೇಲೆ ಬಂದು ಗಾಳಿಗೆ ಸೇರುತ್ತದೆ. ಹಾಗಾಗಿ ದಿನಕ್ಕೆ ಊದುವುದು ಸುಮಾರು 5.8 ಲಕ್ಷ ಘನ ಮೀಟರ್. ಶುದ್ಧೀಕರಿಸುವ ನೀರಿನ ಸುಮಾರು ಹತ್ತು ಪಟ್ಟು. ಒಂದು ಯೂನಿಟ್ ವಿದ್ಯುತ್ತಿಗೆ 1.6 ಕೆ.ಜಿ. ಆಮ್ಲಜನಕ ಕರಗುತ್ತದೆ ಎಂಬ ಲೆಕ್ಕದಲ್ಲಿ ದಿನಕ್ಕೆ 10,834 ಯೂನಿಟ್, ಘನ ಮೀಟರ್ ನೀರಿಗೆ 0.18 ಯೂನಿಟ್. ಯೂನಿಟ್‌ಗೆ ₹7 ಎಂದು ಇಟ್ಟುಕೊಂಡರೆ ವರ್ಷಕ್ಕೆ ₹2.77 ಕೋಟಿ.

ಇದು ಗಾಳಿ ಸರಿಯಾಗಿ ಅಳೆದು ಕೊಟ್ಟಾಗಿನ ಬಿಲ್. ಅಳೆಯದಿದ್ದರೆ ಏನಾಗುತ್ತದೆಂಬುದು ಡಿಒ ಎಂಬ ಒಂದು ಸಂಖ್ಯೆಯಲ್ಲಿದೆ. ಡಿಒ ಎಂದರೆ ನೀರಿನಲ್ಲಿ ಕರಗಿ ಉಳಿದಿರುವ ಆಮ್ಲಜನಕ. ಏರೇಷನ್ ಟ್ಯಾಂಕಿನಲ್ಲಿ ರೂಢಿಯ ಗುರಿ ಲೀಟರ್‌ಗೆ 2 ಮಿಲಿಗ್ರಾಂ. ಗಾಳಿಯಿಂದ ನೀರಿಗೆ ಆಮ್ಲಜನಕ ಸೇರುವ ವೇಗ ಪರ್ಯಾಪ್ತ ಮಟ್ಟ, ಅಂದರೆ ನೀರು ಹಿಡಿಯಬಲ್ಲ ಗರಿಷ್ಠ ಆಮ್ಲಜನಕ, ಮತ್ತು ಡಿಒ ನಡುವಿನ ಅಂತರವನ್ನು ಅವಲಂಬಿಸಿದೆ. ಆಳದ ಒತ್ತಡವನ್ನೂ ಸೇರಿಸಿ ಪರ್ಯಾಪ್ತ ಮಟ್ಟ 8 ಎಂದಿರಲಿ. ಡಿಒ 2 ಇದ್ದಾಗ ಅಂತರ 6. ಡಿಒ 4 ಆದಾಗ ಅಂತರ 4. ಬ್ಯಾಕ್ಟೀರಿಯಾ ಸೇವಿಸುವ ಆಮ್ಲಜನಕ ಎರಡೂ ಸಂದರ್ಭದಲ್ಲಿ ಅಷ್ಟೇ. ಆದರೆ ಅದನ್ನು ಒದಗಿಸಲು 6ನ್ನು 4ರಿಂದ ಭಾಗಿಸಿದಷ್ಟು, ಅಂದರೆ ಒಂದೂವರೆ ಪಟ್ಟು ಗಾಳಿ ಬೇಕು.

ಆ ಶೇ 50 ಹೆಚ್ಚುವರಿ ಗಾಳಿಯಿಂದ ಸಿಗುವ ಲಾಭವೇನು? 1987ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಎಎಸ್‌ಎಂ-1 ಗಣಿತ ಮಾದರಿಯಲ್ಲಿ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳು ಡಿಒ 0.4 ಇದ್ದಾಗ ಅರ್ಧ ವೇಗದಲ್ಲಿ ಕೆಲಸ ಮಾಡುತ್ತವೆ. ಅದೇ ಸೂತ್ರದಂತೆ ಡಿಒ 2ರಲ್ಲಿ ಗರಿಷ್ಠ ವೇಗದ ಶೇ 83, ಡಿಒ 4ರಲ್ಲಿ ಶೇ 91. ಶೇ 50 ಹೆಚ್ಚು ಗಾಳಿಗೆ ಶೇ 9 ಹೆಚ್ಚು ಕೆಲಸ. ಈ ಒಂದು ಜೋಡಿ ಅಂಕಿಯನ್ನು ಪ್ರತಿ ಘಟಕದ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ‘ಇರಲಿ, ಗಾಳಿ ಸ್ವಲ್ಪ ಜಾಸ್ತಿಯೇ ಇರಲಿ’ ಎಂಬ ಧೋರಣೆಯ ಬೆಲೆ ಅಷ್ಟರಲ್ಲೇ ತಿಳಿಯುತ್ತದೆ.

ಹೆಚ್ಚು ಗಾಳಿ ಹಣವನ್ನಷ್ಟೇ ಅಲ್ಲ, ನೀರಿನ ಗುಣಮಟ್ಟವನ್ನೂ ಕೆಡಿಸುತ್ತದೆ. ಗಾಳಿಯಿಲ್ಲದ ಟ್ಯಾಂಕಿಗೆ ಒಳಹರಿವಿನ ಮೂರು ಪಟ್ಟು ನೀರು ತಿರುಗುತ್ತದೆ ಎಂದರೆ ದಿನಕ್ಕೆ 1.8 ಲಕ್ಷ ಘನ ಮೀಟರ್. ಅದರ ಡಿಒ 2 ಇದ್ದರೆ ಜತೆಗೆ ಹೋಗುವ ಆಮ್ಲಜನಕ 360 ಕೆ.ಜಿ.; 4 ಇದ್ದರೆ 720 ಕೆ.ಜಿ. ಬ್ಯಾಕ್ಟೀರಿಯಾಗಳು ನೈಟ್ರೇಟ್ ಬಿಟ್ಟು ಮೊದಲು ಇದನ್ನು ಬಳಸುತ್ತವೆ. ಅವುಗಳಿಗೆ ಬೇಕಾದ ಸಾವಯವ ಆಹಾರ ಮಿಗತೆಯಿಲ್ಲದಿದ್ದರೆ 360 ಕೆ.ಜಿ. ಹೆಚ್ಚುವರಿ ಆಮ್ಲಜನಕ 126 ಕೆ.ಜಿ. ಸಾರಜನಕವನ್ನು ಕಳೆಯದೆ ಉಳಿಸುತ್ತದೆ. ಹೊರನೀರಿನಲ್ಲಿ ಅದು ಲೀಟರ್‌ಗೆ 2.1 ಮಿಲಿಗ್ರಾಂ. 10ರ ಅಂಚಿನಲ್ಲಿದ್ದ ಘಟಕ 12ಕ್ಕೆ ಹೋಗುತ್ತದೆ, ನಿಯಮ ಮೀರುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 440 ಎಂಎಲ್‌ಡಿ ಸಾಮರ್ಥ್ಯದ ಕೊಳವೆ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಒಯ್ಯುತ್ತಿದೆ. ಆ ಕೆರೆಗಳ ನೀರು ಇಂಗಿ ಬೋರ್‌ವೆಲ್ ಸೇರುತ್ತದೆ. ನೈಟ್ರೇಟಿನ 2 ಮಿಲಿಗ್ರಾಂ ಅಲ್ಲಿನ ಜನರಿಗೆ ಪುಸ್ತಕದ ಅಂಕಿಯಲ್ಲ.

ಈಗ ಅಳತೆಯಿಲ್ಲದ ಘಟಕದ ಬಿಲ್. ದಿನದಲ್ಲಿ ಕೊಳಚೆಯ ಹೊರೆ ಒಂದೇ ಸಮನಾಗಿರುವುದಿಲ್ಲ. ರಾತ್ರಿಯ ಕಡಿಮೆ ಹೊರೆಯ 8 ಗಂಟೆಗಳಲ್ಲಿ ದಿನದ ಶೇ 20, ಉಳಿದ 16 ಗಂಟೆಗಳಲ್ಲಿ ಶೇ 80 ಬರುತ್ತದೆ ಎಂದಿಟ್ಟುಕೊಂಡರೆ ಹಗಲಿನ ಅಗತ್ಯ 542 ಕಿಲೋವಾಟ್, ರಾತ್ರಿಯ ಅಗತ್ಯ 271 ಕಿಲೋವಾಟ್. ಬ್ಲೋವರ್ ಹಗಲಿನ ಮಟ್ಟದಲ್ಲೇ 24 ಗಂಟೆ ಓಡಿದರೆ ಬಳಕೆ ದಿನಕ್ಕೆ 13,000 ಯೂನಿಟ್. ರಾತ್ರಿ ಗಾಳಿ ಅಗತ್ಯದ ಎರಡು ಪಟ್ಟು ಆಗುತ್ತದೆ, ಅಂತರ 6ರಿಂದ 3ಕ್ಕೆ ಇಳಿಯುತ್ತದೆ, ಡಿಒ 5ಕ್ಕೆ ಏರುತ್ತದೆ. ದಿನಕ್ಕೆ ವ್ಯರ್ಥ 2,167 ಯೂನಿಟ್, ವರ್ಷಕ್ಕೆ 7.91 ಲಕ್ಷ ಯೂನಿಟ್, ₹55.4 ಲಕ್ಷ. ಡಿಒ ಸೆನ್ಸರ್ ನೋಡಿ ಬ್ಲೋವರ್ ವೇಗ ಇಳಿಸಿದರೆ ಉಳಿಯುವುದು ಇಷ್ಟು: ಶೇ 16.7.

ಇದಕ್ಕಿಂತ ಹೆಚ್ಚು ಉಳಿಯುತ್ತದೆಂದು ಹೇಳುವವರು ಫ್ಯಾನಿನ ಘನ ನಿಯಮವನ್ನು ಬಳಸುತ್ತಾರೆ: ವೇಗ ಅರ್ಧವಾದರೆ ವಿದ್ಯುತ್ ಎಂಟನೇ ಒಂದು, ಶೇ 12.5. ಏರೇಷನ್ ಬ್ಲೋವರ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಐದು ಮೀಟರ್ ನೀರಿನ ಭಾರ ಗಾಳಿ ಕಡಿಮೆಯಾದರೂ ಹಾಗೆಯೇ ಇರುತ್ತದೆ. ಬ್ಲೋವರ್ ಎದುರಿಸುವ ಒತ್ತಡದ ಬಹುಪಾಲು ಅದೇ. ಆದ್ದರಿಂದ ಅರ್ಧ ಗಾಳಿಗೆ ಸರಿಸುಮಾರು ಅರ್ಧ ವಿದ್ಯುತ್. ಮಾರಾಟದ ಕಾಗದದಲ್ಲಿ ಶೇ 40 ಉಳಿತಾಯ ಎಂದಿದ್ದರೆ ಅದು ಯಾವ ಡಿಒಗೆ ಹೋಲಿಸಿದ ಲೆಕ್ಕವೆಂದು ಕೇಳಬೇಕು.

ಎರಡನೆಯ ಹಂತ ಅಮೋನಿಯಾ ಸೆನ್ಸರ್. ಡಿಒ ಸೆನ್ಸರ್ ಆಮ್ಲಜನಕ ಎಷ್ಟು ಉಳಿದಿದೆ ಎನ್ನುತ್ತದೆ. ಕೆಲಸ ಎಷ್ಟು ಉಳಿದಿದೆ ಎನ್ನುವುದು ಅಮೋನಿಯಾ. ಹೊರನೀರಿನ ಅಮೋನಿಯಾ ಸಾಕಷ್ಟು ಕೆಳಗಿರುವ ಹೊತ್ತಿನಲ್ಲಿ ಡಿಒ ಗುರಿಯನ್ನು 2ರಿಂದ 1ಕ್ಕೆ ಇಳಿಸಿದರೆ ಅಂತರ 6ರಿಂದ 7ಕ್ಕೆ ಏರುತ್ತದೆ, ಗಾಳಿ ಶೇ 14 ಕಡಿಮೆಯಾಗುತ್ತದೆ. ಆದರೆ ಬ್ಯಾಕ್ಟೀರಿಯಾಗಳ ವೇಗವೂ ಶೇ 83ರಿಂದ 71ಕ್ಕೆ, ಅಂದರೆ ಅಷ್ಟೇ ಪ್ರಮಾಣದಲ್ಲಿ, ಶೇ 14 ಇಳಿಯುತ್ತದೆ. 4ರಿಂದ 2ಕ್ಕೆ ಇಳಿಸುವುದಕ್ಕೂ 2ರಿಂದ 1ಕ್ಕೆ ಇಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದು ಬಹುತೇಕ ಉಚಿತ. ಎರಡನೆಯದಕ್ಕೆ ಅಮೋನಿಯಾದ ಮೇಲೆ ಕಣ್ಣಿಡಬೇಕು. ದಿನವಿಡೀ 1ರಲ್ಲಿ ನಡೆಸಿದರೆ ವರ್ಷಕ್ಕೆ ₹39.5 ಲಕ್ಷ ಉಳಿಯುತ್ತದೆ. ಅರ್ಧ ಸಮಯ ಮಾತ್ರ ಸಾಧ್ಯವೆಂದರೆ ಸುಮಾರು ₹20 ಲಕ್ಷ.

ಈ ದಾರಿಯಲ್ಲಿ ಸಾಗಿದವರ ಅಂಕಿ ಆಸ್ಟ್ರಿಯಾದ ಸ್ಟ್ರಾಸ್ ಘಟಕದ್ದು. ತನಗೆ ಬೇಕಾದ ವಿದ್ಯುತ್ತಿನಲ್ಲಿ 1996ರಲ್ಲಿ ಶೇ 49ರಷ್ಟನ್ನು ತಾನೇ ಉತ್ಪಾದಿಸುತ್ತಿದ್ದ ಆ ಘಟಕ 2005ರಲ್ಲಿ ಶೇ 108 ತಲುಪಿತು. ಅಲ್ಲಿ ಗಾಳಿಯನ್ನು ಆನ್‌ಲೈನ್ ಅಮೋನಿಯಾ ಮಾಪನದ ಮೇಲೆ ನಡೆಸುತ್ತಾರೆ. ಕೆಸರಿನಿಂದ ಬಯೋಗ್ಯಾಸ್ ತೆಗೆಯುವುದು, ಕೆಸರಿನ ನೀರಿಗೆ ಪ್ರತ್ಯೇಕ ಸಾರಜನಕ ಸಂಸ್ಕರಣೆ ಇವೂ ಸೇರಿ ಆದ ಫಲ ಅದು. ಸೆನ್ಸರ್ ಒಂದರ ಖಾತೆಗೆ ಹಾಕುವುದು ತಪ್ಪು.

ಡಿಒ ಇಳಿಸುವಾಗ ಇನ್ನೊಂದು ಅಂಕಿ ಮುಂದಿರಬೇಕು. ಆಮ್ಲಜನಕ ಸಾಲದಾದಾಗ ಅಮೋನಿಯಾದ ಒಂದಂಶ ನೈಟ್ರಸ್ ಆಕ್ಸೈಡ್ ಅನಿಲವಾಗಿ ಹೊರಹೋಗುತ್ತದೆ. ಅದರ ಒಂದು ಕೆ.ಜಿ. ತಾಪಮಾನ ಏರಿಕೆಯಲ್ಲಿ 273 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಹವಾಮಾನ ಸಮಿತಿ ಐಪಿಸಿಸಿಯ 2019ರ ಪರಿಷ್ಕೃತ ಸೂಚಿಯಂತೆ ಸಾರಜನಕದ ಶೇ 1.6 ಹೀಗೆ ಹೋಗುತ್ತದೆ ಎಂದು ಹಿಡಿದರೆ ನಮ್ಮ 1,800 ಕೆ.ಜಿ.ಗೆ ದಿನಕ್ಕೆ 12.4 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ. ಉಳಿಸಿದ 2,167 ಯೂನಿಟ್ ವಿದ್ಯುತ್ತಿನಿಂದ ತಪ್ಪುವುದು, ಯೂನಿಟ್‌ಗೆ 0.7 ಕೆ.ಜಿ.ಯಂತೆ, 1.5 ಟನ್. ನೈಟ್ರಸ್ ಆಕ್ಸೈಡ್ ಎಂಟನೇ ಒಂದು ಭಾಗ ಹೆಚ್ಚಿದರೂ ಆ ಲಾಭ ಅಳಿಸಿಹೋಗುತ್ತದೆ. ಹವಾಮಾನದ ಹೆಸರಿನಲ್ಲಿ ಡಿಒವನ್ನು ಕಣ್ಣುಮುಚ್ಚಿ ಇಳಿಸುವುದಕ್ಕೆ ಈ ಲೆಕ್ಕ ಒಪ್ಪುವುದಿಲ್ಲ.

ಸಲಕರಣೆಯ ಖರ್ಚಿಗೆ ಬರೋಣ. ನಾಲ್ಕು ಟ್ಯಾಂಕುಗಳಿಗೆ ಎಂಟು ಡಿಒ ಸೆನ್ಸರ್, ತಲಾ ₹2 ಲಕ್ಷ: ₹16 ಲಕ್ಷ. ಎರಡು ಅಮೋನಿಯಾ ಸೆನ್ಸರ್, ತಲಾ ₹6 ಲಕ್ಷ: ₹12 ಲಕ್ಷ. ಮೂರು ಬ್ಲೋವರ್‌ಗಳಿಗೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಏರಿಳಿಸುವ ಡ್ರೈವ್: ₹45 ಲಕ್ಷ. ಮೋಟಾರ್ ಅಳವಡಿಸಿದ ವಾಲ್ವ್‌ಗಳು ₹20 ಲಕ್ಷ, ಗಾಳಿಯ ಮೀಟರ್ ₹6 ಲಕ್ಷ, ನಿಯಂತ್ರಣ ಪ್ಯಾನೆಲ್ ₹15 ಲಕ್ಷ. ಒಟ್ಟು ₹1.14 ಕೋಟಿ. ಇವು ಅಂದಾಜಿಗೆ ಇಟ್ಟ ದರಗಳು, ಟೆಂಡರಿನಲ್ಲಿ ಬದಲಾಗುತ್ತವೆ. ಪ್ರಮಾಣ ಮಾತ್ರ ಗಮನಿಸಬೇಕಾದ್ದು: ಸೆನ್ಸರ್‌ಗಳ ಪಾಲು ಶೇ 25. ಉಳಿದ ಶೇ 75 ಹಾಕದೆ ₹28 ಲಕ್ಷದ ಸೆನ್ಸರ್ ಮಾತ್ರ ಕೊಂಡರೆ ಪರದೆಯ ಮೇಲೆ ಅಂಕಿ ಕಾಣುತ್ತದೆ, ಉಳಿತಾಯ ಸೊನ್ನೆ. ಎರಡೂ ಹಂತದ ಉಳಿತಾಯ ₹75 ಲಕ್ಷದಲ್ಲಿ ವಾರ್ಷಿಕ ನಿರ್ವಹಣೆಗೆ ₹8 ಲಕ್ಷ ಕಳೆದರೆ ₹67 ಲಕ್ಷ. ಹೂಡಿಕೆ ವಾಪಸಾಗಲು ಸುಮಾರು 20 ತಿಂಗಳು ಸಾಕು.

ಆ 20 ತಿಂಗಳು ನಿಜವಾಗುವುದೂ ಸುಳ್ಳಾಗುವುದೂ ಸೆನ್ಸರಿನ ಶುಚಿತ್ವದ ಮೇಲೆ. ಈಗಿನ ಆಪ್ಟಿಕಲ್ ಡಿಒ ಸೆನ್ಸರ್ ಬೆಳಕಿನಿಂದ ಅಳೆಯುತ್ತದೆ. ಹಳೆಯ ಪೊರೆಯ ಸೆನ್ಸರಿನಂತೆ ದ್ರಾವಣ ತುಂಬುವ ಕೆಲಸವಿಲ್ಲ, ಒಂದೆರಡು ವರ್ಷಕ್ಕೊಮ್ಮೆ ತುದಿಯ ಕ್ಯಾಪ್ ಬದಲಿಸಿದರಾಯಿತು. ಆದರೂ ಅದು ಮುಳುಗಿರುವುದು ಕೊಳಚೆಯಲ್ಲಿ. ತುದಿಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಅಲ್ಲಿಯ ಆಮ್ಲಜನಕವನ್ನು ಸೇವಿಸುತ್ತವೆ, ಸೆನ್ಸರ್ ಕಡಿಮೆ ತೋರಿಸುತ್ತದೆ. ಟ್ಯಾಂಕಿನಲ್ಲಿ 3 ಇದ್ದಾಗ ಅದು 2 ಎಂದರೆ ಅಂತರ 6ರ ಬದಲು 5. ಗಾಳಿ ಶೇ 20 ಹೆಚ್ಚು. 10,834 ಯೂನಿಟ್‌ಗೆ ಶೇ 20 ಸೇರಿಸಿದರೆ 13,000. ಸೆನ್ಸರೇ ಇಲ್ಲದೆ ಬ್ಲೋವರ್ 24 ಗಂಟೆ ಓಡಿದಾಗ ಬರುತ್ತಿದ್ದ ಬಿಲ್ ಅದೇ. ಒಂದು ಮಿಲಿಗ್ರಾಂ ತಪ್ಪು ಡಿಒ ನಿಯಂತ್ರಣದ ಉಳಿತಾಯವನ್ನು ಪೂರ್ತಿ ನುಂಗುತ್ತದೆ. ಈ ತಪ್ಪಿನಿಂದ ಹೊರನೀರಿನ ಬಿಒಡಿ ಕೆಡುವುದಿಲ್ಲ, ಅಲಾರಂ ಹೊಡೆಯುವುದಿಲ್ಲ. ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ತಡೆಯುವ ಖರ್ಚು ಎಷ್ಟು? ಎಂಟು ಸೆನ್ಸರ್‌ಗಳನ್ನು ವಾರಕ್ಕೊಮ್ಮೆ ಎತ್ತಿ, ತೊಳೆದು, ಗಾಳಿಯಲ್ಲಿ ಹಿಡಿದು ಪರೀಕ್ಷಿಸಲು ತಲಾ 20 ನಿಮಿಷ. ವರ್ಷಕ್ಕೆ 139 ಗಂಟೆ. ಗಂಟೆಗೆ ₹200 ಕೂಲಿಯಂತೆ ₹27,700. ಕೊಳಕು ಸೆನ್ಸರಿನ ನಷ್ಟ ದಿನಕ್ಕೆ ₹15,169. ಎರಡು ದಿನದ ನಷ್ಟ ಇಡೀ ವರ್ಷದ ಶುಚಿಯ ಖರ್ಚಿಗಿಂತ ಹೆಚ್ಚು. ಅಮೋನಿಯಾ ಸೆನ್ಸರಿಗೆ ಇನ್ನೂ ಹೆಚ್ಚಿನ ನಿಗಾ ಬೇಕು: ನೀರಿನ ಪೊಟ್ಯಾಸಿಯಂ ಅದರ ಅಂಕಿಯನ್ನು ತಪ್ಪಿಸುತ್ತದೆ, ಆದ್ದರಿಂದ ಆಗಾಗ ಪ್ರಯೋಗಾಲಯದ ಫಲಿತಾಂಶದ ಜತೆ ತಾಳೆ ನೋಡಲೇಬೇಕು.

ನಮ್ಮಲ್ಲಿ ಆನ್‌ಲೈನ್ ಮಾಪಕಗಳಿಗೆ ಸಿಕ್ಕಿರುವ ಒತ್ತು ಬೇರೆ ಕಡೆಗೆ. ಮಾಲಿನ್ಯ ಮಂಡಳಿಗೆ ವರದಿ ಕಳಿಸುವ ಮಾಪಕಗಳು ಹೊರಹರಿವಿನ ಕೊನೆಯಲ್ಲಿ ಕೂರುತ್ತವೆ. ಬಿಒಡಿ, ಸಿಒಡಿ, ಪಿಎಚ್‌ನಂಥ ಅಳತೆಗಳನ್ನು ತಿಳಿಸುತ್ತವೆ. ಅವು ತಪ್ಪು ನಡೆದ ಮೇಲೆ ಹೇಳುತ್ತವೆ. ಬ್ಲೋವರ್‌ಗೆ ಅಪ್ಪಣೆ ಕೊಡುವ ಸೆನ್ಸರ್ ಟ್ಯಾಂಕಿನೊಳಗೆ ಇರಬೇಕು. ನಿರ್ವಹಣೆಯ ಗುತ್ತಿಗೆಯೂ ಇಲ್ಲಿ ಅಡ್ಡ ಬರುತ್ತದೆ: ವಿದ್ಯುತ್ ಬಿಲ್ಲನ್ನು ಜಲಮಂಡಳಿ ಕಟ್ಟಿ, ಘಟಕವನ್ನು ಗುತ್ತಿಗೆದಾರ ನಡೆಸುವಲ್ಲಿ ಗುತ್ತಿಗೆದಾರನಿಗೆ ಉಳಿತಾಯದಿಂದ ಒಂದು ರೂಪಾಯಿಯೂ ಇಲ್ಲ, ಬಿಒಡಿ 10 ಮೀರಿದರೆ ದಂಡ ಇದೆ. ಅವನು ಗಾಳಿ ಹೆಚ್ಚು ಕೊಡುವುದು ಆ ಒಪ್ಪಂದಕ್ಕೆ ತಕ್ಕ ನಡೆ.

ಸ್ವಂತ ಎಸ್‌ಟಿಪಿ ಇರುವ ಅಪಾರ್ಟ್‌ಮೆಂಟಿನ ಲೆಕ್ಕ ಚಿಕ್ಕದು. 200 ಫ್ಲ್ಯಾಟ್‌ಗಳ ಸಮುಚ್ಚಯದಲ್ಲಿ 7.5 ಕಿಲೋವಾಟ್ ಬ್ಲೋವರ್ 24 ಗಂಟೆ ಓಡಿದರೆ ದಿನಕ್ಕೆ 180 ಯೂನಿಟ್. ಯೂನಿಟ್‌ಗೆ ₹8ರಂತೆ ವರ್ಷಕ್ಕೆ ₹5.26 ಲಕ್ಷ. ಕಾಲು ಭಾಗ ಉಳಿದರೂ ₹1.31 ಲಕ್ಷ. ಹಣ ಉಳಿಸಲೆಂದು ರಾತ್ರಿ ಬ್ಲೋವರ್ ಆರಿಸಿಬಿಡುವ ಸಂಘಗಳಿವೆ. ಅಲ್ಲಿ ಡಿಒ ಸೊನ್ನೆಗೆ ಇಳಿದು, ಬೆಳಿಗ್ಗೆ ಫ್ಲಶ್ ಟ್ಯಾಂಕಿಗೆ ವಾಸನೆಯ ನೀರು ಬರುತ್ತದೆ. ಒಂದು ಡಿಒ ಸೆನ್ಸರ್ ಮತ್ತು ಒಂದು ವಿಎಫ್‌ಡಿ ಇದ್ದರೆ ಆರಿಸುವ ಬದಲು ಇಳಿಸಬಹುದು.

ರಾಜ್ಯದ ಎಲ್ಲ 4,458 ಎಂಎಲ್‌ಡಿ ಕೊಳಚೆಯೂ ಇದೇ ಬಗೆಯ ಘಟಕಗಳಲ್ಲಿ ಶುದ್ಧವಾಗುವ ದಿನ ಬಂದರೆ ಗಾಳಿಗೆ ವರ್ಷಕ್ಕೆ 29 ಕೋಟಿ ಯೂನಿಟ್, ₹205 ಕೋಟಿ. ಅಳತೆಯಿಲ್ಲದೆ ಊದಿದರೆ ಅದರ ಮೇಲೆ ಇನ್ನೂ ₹41 ಕೋಟಿ. ಕಾವೇರಿ 5ನೇ ಹಂತದ ನೀರಿಗಾಗಿ ಕಟ್ಟುವ ಪ್ರತಿ ಘಟಕದ ಟೆಂಡರಿನಲ್ಲಿ ಎರಡು ಸಾಲು ಸೇರಿಸಬೇಕೆಂಬುದು ಜಲಮಂಡಳಿಗೆ ಈ ಲೇಖನದ ಕೋರಿಕೆ: ಘನ ಮೀಟರ್ ನೀರಿಗೆ ಗಾಳಿಯ ವಿದ್ಯುತ್ ಇಂತಿಷ್ಟು ಯೂನಿಟ್ ಮೀರಬಾರದು, ಉಳಿಸಿದ್ದರಲ್ಲಿ ಗುತ್ತಿಗೆದಾರನಿಗೂ ಪಾಲಿದೆ ಎಂಬುದು ಒಂದು, ಸೆನ್ಸರ್ ತೊಳೆದ ಮತ್ತು ತಾಳೆ ನೋಡಿದ ವಾರದ ದಾಖಲೆ ಇಲ್ಲದಿದ್ದರೆ ಆ ತಿಂಗಳ ಬಿಲ್ ಪಾವತಿಯಾಗದು ಎಂಬುದು ಇನ್ನೊಂದು.